ಹಸಿರು ದೀಪದ ನಡಿಗೆ

ಎಲ್ಲದಕ್ಕೂ ಮೂಲ ಪ್ಯಾಕಿಂಗಣ್ಣನ ಮುಖ. ಅದರಲ್ಲಿ ನೆನಪಿಟ್ಟುಕೊಳ್ಳುವಂಥದ್ದು ಏನೂ ಇರಲಿಲ್ಲ. ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುತ್ತಲೇ ತಲೆ ನೆರೆತಿದ್ದರೂ ಗೇಟಿನ ಕಾವಲುಗಾರ ಈಗಲೂ ಆಗಾಗ "ಯಾರು ಬೇಕಿತ್ತು?" ಎಂದು ಕೇಳುತ್ತಿದ್ದ. ಹಾಗಾಗಿ, "ನಮಗೊಬ್ಬ ತೀರಾ ಸಾಧಾರಣ ಮನುಷ್ಯ ಬೇಕು" ಎಂದು ಮ್ಯಾನೇಜರು ನಿನ್ನೆ ಕ್ಯಾಂಟೀನಿನಲ್ಲಿ ಸಾರಿದಾಗ ಊಟಕ್ಕೆ ಕೂತವರೆಲ್ಲ ಎಂಜಲು ಕೈಯನ್ನೇ ಎತ್ತಿ ಅವನತ್ತ ತೋರಿಸಿದರು.

ಆ ಕಾರ್ಖಾನೆ ಮೊದಲು ನೀರಿನ ಪಂಪು ಮಾಡುತ್ತಿತ್ತು. ನೀರೆತ್ತುವುದರಲ್ಲಿ ಲಾಭವಿಲ್ಲವೆಂದು ಈಗ ಗಾಲಿಯ ಮೇಲೆ ಓಡಾಡುವ ಬಂದೂಕು ಮಾಡುತ್ತದೆ. ಅದಕ್ಕೆ ಸೈನಿಕ ಬೇಡ. ತಾನೇ ನೋಡುತ್ತದೆ, ತಾನೇ ತೀರ್ಮಾನಿಸುತ್ತದೆ, ತಾನೇ ಹೊಡೆಯುತ್ತದೆ. ಮನುಷ್ಯನ ಜೀವ ತೆಗೆಯುವ ತೀರ್ಮಾನವನ್ನು ಯಂತ್ರಕ್ಕೆ ಬಿಡಬಾರದು, ಇಂಥವನ್ನು ಯುದ್ಧದಿಂದಲೇ ನಿಷೇಧಿಸಬೇಕು ಎಂದು ಊರೂರಲ್ಲಿ ಮೆರವಣಿಗೆ ನಡೆದು, ಸರ್ಕಾರ ಒಂದು ಸಮಿತಿ ಮಾಡಿತ್ತು. ಆ ಸಮಿತಿ ಇವತ್ತು ಮಧ್ಯಾಹ್ನ ಬರುವುದಿತ್ತು. ಅವರ ಕಣ್ಣೆದುರು ಪ್ಯಾಕಿಂಗಣ್ಣ ಕಾರ್ಖಾನೆಯ ಹಿಂದಿನ ಮೈದಾನ ದಾಟಬೇಕು. ಬಂದೂಕಿನಲ್ಲಿ ಗುಂಡಿಲ್ಲ, ನೆತ್ತಿಯ ಮೇಲೆ ದೀಪ ಮಾತ್ರ. ಶತ್ರು ಅನ್ನಿಸಿದರೆ ಕೆಂಪು, ಪಾಪದವನು ಅನ್ನಿಸಿದರೆ ಹಸಿರು.

ಪ್ಯಾಕಿಂಗಣ್ಣ ಒಪ್ಪಿದ್ದು ಕಂಪನಿಯ ಮೇಲಿನ ಪ್ರೀತಿಗಲ್ಲ. ಅವನ ಒಬ್ಬನೇ ಮಗ ಗಡಿಯಲ್ಲಿ ಸಿಪಾಯಿ. ಮನೆಗೆ ಬಂದು ಎರಡು ವರ್ಷವಾಗಿತ್ತು. ಕ್ಯಾಂಟೀನಿನ ಗೋಡೆಯ ಮೇಲೆ ಕಂಪನಿ ದಪ್ಪಕ್ಷರದಲ್ಲಿ ಬರೆಸಿತ್ತು: "ಯಂತ್ರ ಗಡಿಗೆ ಹೋಗಲಿ, ಮಕ್ಕಳು ಮನೆಗೆ ಮರಳಲಿ."

ಬೆಳಿಗ್ಗೆ ಹೆಂಡತಿ ಬಾಗಿಲ ತನಕ ಬಂದಳು.

"ರೀ, ನೀವು ಒಂದ್ಸಲ ನಡೆದ್ರೆ ಅವನು ಮನೆಗೆ ಬರ್ತಾನಾ?"

"ಯಂತ್ರ ಪಾಸಾದ್ರೆ ಬರ್ತಾನೆ ಕಣೇ. ಮ್ಯಾನೇಜರೇ ಹೇಳಿದಾರೆ."

"ಹಾಗಾದ್ರೆ ನೆಟ್ಟಗೆ ನಡೀರಿ. ಮದುವೆ ಆದಾಗಿಂದ ನೋಡ್ತಿದೀನಿ, ಒಂದು ಕೆಲಸಾನೂ ನೆಟ್ಟಗೆ ಮಾಡಿದವರಲ್ಲ."

ತಾಲೀಮು ಶುರುವಾಯಿತು. ಪ್ಯಾಕಿಂಗಣ್ಣ ಮೈದಾನಕ್ಕೆ ಕಾಲಿಟ್ಟ. ಬಂದೂಕು ಕತ್ತು ತಿರುಗಿಸಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿತು. ಕೆಂಪು.

ಯಂತ್ರದ ಉಸ್ತುವಾರಿ ಒಬ್ಬ ಇಂಜಿನಿಯರಮ್ಮನದು. ಅವಳು ಪರದೆ ನೋಡಿ ಹೇಳಿದಳು, "ಕೈ ಜೇಬಲ್ಲಿ ಇಟ್ಕೊಂಡಿದೀರಿ. ಅದಕ್ಕೆ ಅನುಮಾನ."

ಕೈ ತೆಗೆದು ನಡೆದ. ಕೆಂಪು.

"ಕಾಲು ಎಳೀತಿದೀರಿ. ಬಟ್ಟೆಯೊಳಗೆ ಭಾರದ ವಸ್ತು ಬಚ್ಚಿಟ್ಟುಕೊಂಡವರು ಹಾಗೆ ನಡೀತಾರೆ."

"ಮಂಡಿ ನೋವಮ್ಮ."

"ಮಂಡಿ ನೋವು ಅದಕ್ಕೆ ಕಲಿಸಿಲ್ಲ."

ಮತ್ತೆ ನಡೆದ. ಮತ್ತೂ ಕೆಂಪು. ಇಂಜಿನಿಯರಮ್ಮ ಹುಬ್ಬು ಗಂಟಿಕ್ಕಿದಳು. "ಹೆದರಿದೀರಿ ಅಂತ ತೋರಿಸ್ತಿದೆ. ಯಾಕೆ?"

"ಬಂದೂಕು ನನ್ನ ಕಡೆ ತಿರುಗಿದೆಯಲ್ಲಮ್ಮಾ!"

"ತಪ್ಪು ಮಾಡದವರು ಯಾಕೆ ಹೆದರಬೇಕು?"

ಪ್ಯಾಕಿಂಗಣ್ಣ ಮಂಡಿ ಉಜ್ಜಿಕೊಂಡ. ಅಷ್ಟರಲ್ಲಿ ಕೆಲಸ ಬಿಟ್ಟು ನೋಡಲು ಬಂದವರ ಗುಂಪು ಬೇಲಿಗೆ ಆತುಕೊಂಡಿತ್ತು. ಪುಕ್ಕಟೆ ಸಲಹೆಗೆ ಯಾವ ಊರಲ್ಲೂ ಬರವಿಲ್ಲ.

"ಯಾರಯ್ಯಾ ಅದು, ಸ್ವಲ್ಪ ನಗು! ನಗೋರನ್ನ ಯಾರು ಹೊಡೀತಾರೆ?" ಎಂದ ಕಾವಲುಗಾರ. ನಕ್ಕ. ಕೆಂಪು ಇನ್ನಷ್ಟು ಗಾಢವಾಯಿತು. ಬಂದೂಕು ಕಂಡು ನಗುವವನು ಸಾಧಾರಣ ಮನುಷ್ಯನಲ್ಲ ಎಂದು ಯಂತ್ರ ಲೆಕ್ಕ ಹಾಕಿತ್ತಂತೆ. ಅದರಲ್ಲಿ ತಪ್ಪು ಹುಡುಕುವುದೂ ಕಷ್ಟ.

"ಕೈಯಲ್ಲೊಂದು ಚೀಲ ಕೊಡಿ, ಸಂತೆಗೆ ಹೋಗೋರ ಹಾಗೆ ಕಾಣ್ತಾನೆ" ಎಂದ ಕ್ಯಾಂಟೀನಿನ ಅಡುಗೆಯವನು. ಚೀಲ ಹಿಡಿದ. ದೀಪದ ಜೊತೆಗೆ ಸೈರನ್ನೂ ಕೂಗಿತು. ಅಡುಗೆಯವನು ಒಲೆ ನೆನಪಾಯಿತೆಂದು ಜಾರಿಕೊಂಡ.

ಈ ನಡುವೆ ಎಲ್ಲಿಂದಲೋ ಒಂದು ಬೀದಿನಾಯಿ ಬಂದು ಮೈದಾನದ ನಡುವೆ ಕೂತು, ಕಿವಿ ಕೆರೆದುಕೊಂಡು, ಆಕಳಿಸಿ ಎದ್ದುಹೋಯಿತು. ಹಸಿರು. ಆಮೇಲೆ, ಶತ್ರುವೆಂದು ನಿಲ್ಲಿಸಿದ್ದ ಹುಲ್ಲಿನ ಸೈನಿಕ ಗಾಳಿಗೆ ಬೋರಲು ಬಿದ್ದ. ಅವನಿಗೂ ಹಸಿರು.

"ನಾಯಿಗೆ ಇರೋ ಮರ್ಯಾದೆ ನನಗಿಲ್ವಲ್ಲ ಸಾರ್" ಎಂದು ಪ್ಯಾಕಿಂಗಣ್ಣ ಪಕ್ಕದಲ್ಲಿದ್ದ ಮ್ಯಾನೇಜರಿಗೆ ಹೇಳಿದ. ಅವನಿಗೆ ಅಳು ಬರುವುದೊಂದು ಬಾಕಿ. ಇರುವ ಒಬ್ಬ ಮಗ ಮನೆ ಸೇರುವುದು ತನ್ನ ಹಾಳು ಮಂಡಿಯ ಮೇಲೆ ನಿಂತಿದೆ ಎಂಬುದು ಅವನನ್ನು ಒಳಗೊಳಗೇ ತಿನ್ನುತ್ತಿತ್ತು. "ಈ ಯಂತ್ರಾನೇ ಸ್ವಲ್ಪ ಸರಿಮಾಡೋಕೆ ಆಗಲ್ವಾ?"

"ಯಂತ್ರ ಸರಿಮಾಡೋಕೆ ಒಂದು ವರ್ಷ ಬೇಕಯ್ಯ" ಎಂದರು ಮ್ಯಾನೇಜರು. "ನಿನ್ನನ್ನ ಸರಿಮಾಡೋಕೆ ಊಟದ ಹೊತ್ತಿನ ತನಕ ಟೈಮಿದೆ."

ಸರಿ, ಅವನನ್ನೇ ರಿಪೇರಿಗೆ ತೆಗೆದುಕೊಂಡರು. ಅಂಗೈ ಬಿಚ್ಚಿ ಮುಂದೆ ತೋರಿಸು. ಮೊಣಕೈ ಮೈಗೆ ತಾಗಿಸಬೇಡ. ಗದ್ದ ಮೇಲೆ. ಹೆಜ್ಜೆ ಒಂದೇ ಸಮ. ಕತ್ತು ಮಾತ್ರ ತಿರುಗಿಸಲೇಬೇಡ, ಯಾರಾದರೂ ಕರೆದರೂ ತಿರುಗಬೇಡ. ನಗಬೇಡ, ಹೆದರಬೇಡ, ಏನನ್ನೂ ಯೋಚಿಸಬೇಡ. ಮಂಡಿಗೆ ಬಿಗಿಯಾಗಿ ಬಟ್ಟೆ ಸುತ್ತಿದರು. ಕೊನೆಗೆ ಪ್ಯಾಕಿಂಗಣ್ಣ ತಲೆಯ ಮೇಲೆ ತುಂಬಿದ ಕೊಡ ಹೊತ್ತವನ ಹಾಗೆ, ಇಡೀ ಲೋಕದಲ್ಲಿ ಯಾವ ಮನುಷ್ಯನೂ ನಡೆಯದ ಹಾಗೆ ನಡೆದ. ದೀಪ ಒಂದು ಗಳಿಗೆ ಅನುಮಾನಿಸಿ ಹಸಿರಾಯಿತು. ಬೇಲಿಯಾಚೆಯ ಜನ ಸಿಳ್ಳೆ ಹಾಕಿದರು.

ಮಧ್ಯಾಹ್ನ ಸಮಿತಿ ಬಂತು. ಅಧ್ಯಕ್ಷರು ಒಬ್ಬ ನಿವೃತ್ತ ನ್ಯಾಯಾಧೀಶರು. ವಯಸ್ಸಾಗಿತ್ತು, ಕೈಯಲ್ಲಿ ಊರುಗೋಲು, ಮಾತು ಕಡಿಮೆ. ಉಳಿದ ಸದಸ್ಯರು ನೆರಳಲ್ಲಿ ಕೂತು ಚಹಾ ಕುಡಿಯತೊಡಗಿದರು. ಪ್ಯಾಕಿಂಗಣ್ಣ ಮೈದಾನ ದಾಟಿದ. ಹಸಿರು. ಚಪ್ಪಾಳೆ ಬಿತ್ತು.

ಅಧ್ಯಕ್ಷರಿಗೆ ಏನೋ ಸಮಾಧಾನವಾಗಲಿಲ್ಲ. ಎದ್ದು, ಊರುಗೋಲು ಊರುತ್ತಾ ಮೈದಾನದೊಳಗೇ ಅವನ ಬಳಿಗೆ ಬಂದರು. ಅವರ ಬೆನ್ನ ಹಿಂದೆ ಬಂದೂಕು ಮೆಲ್ಲಗೆ ಕತ್ತು ತಿರುಗಿಸಿದ್ದು ಎದುರಿಗಿದ್ದ ಪ್ಯಾಕಿಂಗಣ್ಣನಿಗೆ ಕಂಡಿತು. ದೀಪ ಕೆಂಪಾಯಿತು, ಕುಂಕುಮದಷ್ಟು ಕೆಂಪು. ಇಂಜಿನಿಯರಮ್ಮ ಓಡಿಬಂದು ತನ್ನ ಕೋಟು ತೆಗೆದು ದೀಪದ ಮೇಲೆ ಹಾಕಿದಳು. ಸದಸ್ಯರು ಚಹಾದಿಂದ ಕಣ್ಣೆತ್ತಿರಲಿಲ್ಲ.

"ನೀವು ದಿನಾ ಹೀಗೇ ನಡೀತೀರಾ?" ಎಂದು ಕೇಳಿದರು ಅಧ್ಯಕ್ಷರು.

ದೂರದಲ್ಲಿ ಮ್ಯಾನೇಜರು ಅವನನ್ನೇ ನುಂಗುವಂತೆ ನೋಡುತ್ತಿದ್ದರು. ಆ ಮುದುಕರು ಒಳ್ಳೆಯವರು, ಕಣ್ಣಲ್ಲೇ ಗೊತ್ತಾಗುತ್ತಿತ್ತು. ಒಂದು ಮಾತು, "ಸ್ವಾಮಿ, ಹಿಂದೆ ತಿರುಗಿ ನೋಡಿ" ಅಂದಿದ್ದರೆ ಸಾಕಿತ್ತು. ಆದರೆ ಅವನಿಗೆ ಕಂಡದ್ದು ಮಗನ ಮುಖ. ಊರ ಹಿತಕ್ಕೂ ಮಗನಿಗೂ ತಕ್ಕಡಿ ಹಿಡಿದು ಊರ ಕಡೆ ತೂಗಿದ ಅಪ್ಪ ಎಲ್ಲಿದ್ದಾನೆ?

"ಹೌದು ಸ್ವಾಮಿ. ಹುಟ್ಟಿದಾಗಿಂದ ಹೀಗೇ."

ಅಧ್ಯಕ್ಷರು ನಿಟ್ಟುಸಿರು ಬಿಟ್ಟರು. "ಸಾಧಾರಣ ಮನುಷ್ಯನೇ ಹೇಳಿದ ಮೇಲೆ ನಮ್ಮದೇನಿದೆ" ಎಂದರು. ಸಂಜೆಯೊಳಗೆ ತೀರ್ಮಾನ ಹೊರಬಿತ್ತು: ನಿಷೇಧ ಬೇಡ. ಮ್ಯಾನೇಜರು ಪ್ಯಾಕಿಂಗಣ್ಣನನ್ನು ತಬ್ಬಿಕೊಂಡರು. ಮನೆಗೆ ಹೊರಟಾಗ ಕಾವಲುಗಾರ ಎದ್ದು ನಿಂತು ಸಲಾಂ ಹೊಡೆದ, ಮೊದಲ ಸಲ ಗುರುತು ಹಿಡಿದು.

ಮನೆಯಲ್ಲಿ ಹೆಂಡತಿ ಆಗಲೇ ಮಗನ ಹಾಸಿಗೆಗೆ ಹೊಸ ಹೊದಿಕೆ ಹಾಸಿ, ಅಡುಗೆಮನೆಯಲ್ಲಿ ಡಬ್ಬಗಳ ಸದ್ದು ಮಾಡುತ್ತಿದ್ದಳು. ಇವನು ಚಪ್ಪಲಿ ಬಿಡುವಷ್ಟರಲ್ಲಿ ಫೋನು ಬಂತು. ವಿಡಿಯೋದಲ್ಲಿ ಮಗ. ಕಣ್ಣು ಗುಳಿ ಬಿದ್ದಿತ್ತು.

"ಅಪ್ಪಾ, ತಿಂಗಳಿಂದ ಇಲ್ಲಿ ಬಂದು ಬಿದ್ದಿದ್ದ ಯಂತ್ರಗಳ ಪೆಟ್ಟಿಗೆ ಸಂಜೆ ಬಿಚ್ಚಿದ್ರು."

"ಗೊತ್ತಪ್ಪ, ಗೊತ್ತು! ಯಾವತ್ತು ಹೊರಡ್ತೀಯ?"

"ಎಲ್ಲಿಗೆ?"

"ಮನೆಗೆ ಕಣೋ."

"ಅಯ್ಯೋ, ಇದ್ದಬದ್ದ ರಜೆ ಎಲ್ಲಾ ರದ್ದಾಯ್ತಪ್ಪ. ಅಷ್ಟು ಬೆಲೆ ಬಾಳೋ ಯಂತ್ರ, ಕಾವಲು ಬೇಡ್ವಾ? ನಮ್ಮನ್ನೆಲ್ಲ ಅದಕ್ಕೇ ಹಾಕಿದಾರೆ. ಎರಡು ಹೊತ್ತೂ ಮುಂದೆ ಹೋಗಿ ಅದರ ಕಣ್ಣಿನ ಗಾಜು ಒರೆಸಬೇಕು."

"ಮುಂದೆ ಹೋಗಿ? ನೀವು ಸೈನಿಕರು ಅಂತ ಅದಕ್ಕೆ ಗೊತ್ತಾಗುತ್ತಲ್ವಾ?"

"ಗೊತ್ತಾಗುತ್ತೆ. ಯಾರ ಸೈನಿಕರು ಅಂತ ಗೊತ್ತಾಗಲ್ಲ." ಮಗ ದನಿ ತಗ್ಗಿಸಿದ. "ಸಾಹೇಬ್ರು ಕಂಪನಿಯವರು ಕಳಿಸಿದ ಒಂದು ವಿಡಿಯೋ ತೋರಿಸಿದ್ರು. ಅದರಲ್ಲಿ ನೀನೇ ಇದ್ದೆ ಅಪ್ಪ. ಹೀಗೆ ನಡೆದ್ರೆ ಮಾತ್ರ ಏನೂ ಮಾಡಲ್ವಂತೆ. ಆಗಿಂದ ಎಲ್ಲರೂ ಅಭ್ಯಾಸ ಮಾಡ್ತಿದೀವಿ, ನನಗೆ ಬರ್ತಾನೇ ಇಲ್ಲ. ಬೆಳಿಗ್ಗೆ ನನ್ನ ಸರದಿ. ಒಂದ್ಸಲ ನಡೆದು ತೋರಿಸ್ತೀಯಾ?"

ಪ್ಯಾಕಿಂಗಣ್ಣ ಫೋನನ್ನು ಗೋಡೆಯ ಗೂಡಿನಲ್ಲಿ ಆನಿಸಿಟ್ಟ. ಅಂಗೈ ಬಿಚ್ಚಿದ. ಗದ್ದ ಎತ್ತಿದ. ಮಂಡಿ ಚುಚ್ಚುತ್ತಿತ್ತು. ನಡುಮನೆಯ ಈ ತುದಿಯಿಂದ ಆ ತುದಿಗೆ ನಡೆದ.

"ಇನ್ನೊಂದ್ಸಲ ಅಪ್ಪ. ನಿಧಾನಕ್ಕೆ."

ಅಡುಗೆಮನೆಯಿಂದ ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದು ಅವನ ಬೆನ್ನ ಹಿಂದೆ ನಿಂತಳು. "ರೀ, ಫೋನು ಅವನದೇ ತಾನೆ? ಯಾವತ್ತು ಬರ್ತಾನಂತೆ?"

ಮಗ ನೋಡುತ್ತಿದ್ದ. ಪ್ಯಾಕಿಂಗಣ್ಣ ಕತ್ತು ತಿರುಗಿಸಲಿಲ್ಲ.