ತಿರುಗಿ ಹೇಳ್ರಿ, ವೈನಿ

ನಮ್ಮ ನಾದಿನಿ ಮನೆಯಲ್ಲಿದ್ದ ದಿನ ಹಾಲು ಉಕ್ಕಿ ಒಲೆಯ ಮೇಲೆ ಹರಿಯದೆ ಉಳಿದದ್ದು ನನಗಂತೂ ನೆನಪಿಲ್ಲ. ಒಂದು ಪಾತ್ರೆ ಹಾಲು ಕಾಯಲಾಗದ ಈ ಮಹಾತಾಯಿಯ ಕೈಗೆ ಇಡೀ ಅಣು ರಿಯಾಕ್ಟರನ್ನೇ ಒಪ್ಪಿಸುವ ಮಾತು ನಡೆದಿತ್ತು ಎಂದರೆ ನಂಬುತ್ತೀರಾ? ನಂಬಿ, ಆದರೆ ಹೆದರಬೇಡಿ. ನಾನೂ ಮೊದಲು ಹೆದರಿದ್ದೆ. ಆಮೇಲೆ ತಿಳಿಯಿತು, ನಮ್ಮ ಹಾಲು ಉಕ್ಕುವುದಕ್ಕೂ ಅಲ್ಲಿ ರಿಯಾಕ್ಟರ್ ಸುಮ್ಮನೆ ತನ್ನ ಪಾಡಿಗೆ ತಾನು ಇರುವುದಕ್ಕೂ ಕಾರಣ ಒಂದೇ ಎಂದು.

ಈಕೆ ನಮ್ಮ ಯಜಮಾನರ ಬೆನ್ನಿಗೆ ಹುಟ್ಟಿದ ತಂಗಿ. ಮುದ್ದೇಬಿಹಾಳದ ಇದೇ ಮನೆಯಲ್ಲಿ ಬೆಳೆದು, ಎಂಜಿನಿಯರಿಂಗ್ ಓದಿ, ದೂರದ ಅಣು ವಿದ್ಯುತ್ ಸ್ಥಾವರವೊಂದರಲ್ಲಿ ಕೆಲಸಕ್ಕೆ ಸೇರಿದವಳು. ಚಿಕ್ಕಂದಿನಲ್ಲಿ ಕರೆಂಟು ಹೋದಾಗ ಓಣಿಯ ಮಕ್ಕಳೆಲ್ಲ ಹೋ ಎಂದು ಕೂಗಿ ಆಟಕ್ಕೆ ಓಡಿದರೆ, ಈಕೆ ಬಾಗಿಲಲ್ಲಿ ನಿಂತು "ಯಾರು ತಗದ್ರು? ಯಾಕ ತಗದ್ರು?" ಎಂದು ಹೋಗುವವರನ್ನು ಬರುವವರನ್ನು ಕೇಳುತ್ತಿದ್ದಳಂತೆ. ದೊಡ್ಡವಳಾದ ಮೇಲೆ ಆಕೆಗೆ ಬೇಕಾದದ್ದು ಸೀರೆಯಲ್ಲ, ಬಂಗಾರವಲ್ಲ. ಕಂಟ್ರೋಲ್ ರೂಮಿನಲ್ಲಿ ರಿಯಾಕ್ಟರ್ ನಡೆಸುವವರು ಕೂರುವ ಕುರ್ಚಿ ಇದೆಯಲ್ಲ, ಅದು ಬೇಕಾಗಿತ್ತು. ಅದಕ್ಕೆ ಲೈಸೆನ್ಸ್ ಪಡೆಯಬೇಕು.

ಲೈಸೆನ್ಸ್ ಎಂದರೆ ಬೈಕಿನದಲ್ಲ, ಮೈದಾನದಲ್ಲಿ ಎಂಟರ ಆಕಾರದಲ್ಲಿ ಓಡಿಸಿ ತೋರಿಸಿ ಬರಲಿಕ್ಕೆ! ಮೊದಲು ಬರೆಯುವ ಪರೀಕ್ಷೆ. ಆಮೇಲೆ ಪರೀಕ್ಷಕರು ಸ್ಥಾವರದ ತುಂಬ ಅಡ್ಡಾಡಿಸಿ, ಕಂಡ ಕಂಡ ವಾಲ್ವಿನ ಮುಂದೆ ನಿಲ್ಲಿಸಿ, ಇದು ಯಾತಕ್ಕೆ, ಮುಚ್ಚಿದರೆ ಏನಾಗುತ್ತದೆ ಎಂದು ಕೇಳುತ್ತಾರೆ. ಆಮೇಲೆ ಸಿಮ್ಯುಲೇಟರ್. ಅದು ಕಂಟ್ರೋಲ್ ರೂಮಿನದೇ ನಕಲು. ಅಲ್ಲಿ ಬೇಕೆಂದೇ ಸುಳ್ಳು ಗಂಡಾಂತರ ತಂದಿಟ್ಟು, ಈಗ ಏನು ಮಾಡುತ್ತೀಯೋ ಮಾಡು ಎಂದು ಹಿಂದೆ ನಿಂತು ನೋಡುತ್ತಾರೆ. ಇಷ್ಟೆಲ್ಲ ದಾಟಿದವರಿಗೆ ಕೊನೆಗೆ ಹಿರಿಯ ಅಧಿಕಾರಿಗಳ ಮುಂದೆ ಮೌಖಿಕ ಪರೀಕ್ಷೆ. ನಮ್ಮ ನಾದಿನಿ ಎಲ್ಲವನ್ನೂ ಜಿಗಿದು ದಾಟಿ, ಕೊನೆಯ ಮೌಖಿಕದಲ್ಲಿ ನಪಾಸಾದಳು. ಇನ್ನೊಂದು ಅವಕಾಶ ಉಳಿದಿತ್ತು. ಅದೂ ಕೈತಪ್ಪಿದರೆ ಕುರ್ಚಿಯ ಆಸೆ ಬಿಟ್ಟು ಬೇರೆ ವಿಭಾಗದ ಮೇಜಿಗೆ ಹೋಗಬೇಕು. ತಯಾರಿ ಮಾಡಿಕೊಳ್ಳಲು ಆಕೆ ರಜೆ ಹಾಕಿ ತವರಿಗೆ ಬಂದಳು. ನಮ್ಮ ಮನೆಗೆ ವಕ್ಕರಿಸಿದ್ದು ಹೀಗೆ.

ಬಂದ ಮರುದಿನ ಬೆಳಿಗ್ಗೆ ಕಾನೂನು ಹೊರಟಿತು. ಕಂಟ್ರೋಲ್ ರೂಮಿನಲ್ಲಿ ಒಬ್ಬರು ಹೇಳಿದ ಮಾತನ್ನು ಇನ್ನೊಬ್ಬರು ಹಾಗೆಯೇ ತಿರುಗಿ ಹೇಳಬೇಕಂತೆ. ಅದು ಸರಿಯಿದ್ದರೆ ಮೊದಲು ಹೇಳಿದವರು "ಬರೋಬ್ಬರಿ" ಅನ್ನಬೇಕಂತೆ. ಆಮೇಲೆ ಯಾವ ಗುಂಡಿ ಒತ್ತುತ್ತೇವೋ ಅದಕ್ಕೆ ಬೆರಳು ತೋರಿಸಿ, ಹೆಸರು ಓದಿ, ಆಮೇಲೆಯೇ ಕೈ ಹಚ್ಚಬೇಕಂತೆ. "ರೂಢಿ ಅನ್ನೂದು ಮನ್ಯಾಗ ಬರಬೇಕ್ರಿ ವೈನಿ, ಆಗ ಪರೀಕ್ಷಾದಾಗ ತಾನ ಬರ್ತೈತಿ" ಎಂದಳು. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಏರತೊಡಗಿತು. ನಾನು ಕೈ ಚಾಚಿದೆ.

"ನಿಲ್ರಿ. ವೈನಿ, ಎಡಗಡಿ ಒಲಿ ಬಂದ್ ಮಾಡ್ರಿ. ತಿರುಗಿ ಹೇಳ್ರಿ."

"ಆತು, ಬಂದ್ ಮಾಡ್ತೇನಿ ಮಾರಾಯ್ತಿ."

"ತಪ್ಪು. ಯಾವ ಒಲಿ?"

"ಎಡಗಡಿ ಒಲಿ ಬಂದ್ ಮಾಡ್ತೇನಿ!"

"ಬರೋಬ್ಬರಿ ಐತಿ. ಈಗ ಬೆರಳು ತೋರಸ್ರಿ."

ನಾನು ಬೆರಳು ತೋರಿಸುವಷ್ಟರಲ್ಲಿ ಹಾಲು ಒಲೆ ದಾಟಿ, ಕಟ್ಟೆ ಇಳಿದು, ನನ್ನ ಕಾಲಿನ ತನಕ ಬಂದಿತ್ತು. ನಾದಿನಿ ಮಾತ್ರ ಬಹಳ ಸಮಾಧಾನದಲ್ಲಿದ್ದಳು. "ಹಾಲು ಹೋದ್ರ ಹೋಗ್ಲಿ ವೈನಿ, ನೀವು ಬ್ಯಾರೆ ಒಲಿಗೆ ಕೈ ಹಚ್ಚಲಿಲ್ಲ, ಅದು ಮುಖ್ಯ" ಎಂದಳು. ಬೇರೆ ಒಲೆ ಹೊತ್ತಿರಲೇ ಇಲ್ಲ ಎಂದು ಯಾರು ಹೇಳಬೇಕು? ನಾನು ಅರಿವೆ ತಂದು ನೆಲ ಒರೆಸಿದೆ.

ನಮ್ಮ ಯಜಮಾನರು ನೀರಿನ ಮೋಟಾರಿನ ವಿಷಯದಲ್ಲಿ ಸಿಕ್ಕಿಬಿದ್ದರು. ಮೋಟಾರಿನ ವೈರೊಂದು ಸುಟ್ಟಿತ್ತು. ಆಕೆ ಸ್ವಿಚ್ಚು ಆರಿಸಿ, ಅದಕ್ಕೆ ಕೆಂಪು ರಟ್ಟಿನ ತುಂಡೊಂದನ್ನು ದಾರದಿಂದ ಕಟ್ಟಿದಳು. ಕಟ್ಟಿದವರೇ ಬಿಚ್ಚಬೇಕು, ಇನ್ನೊಬ್ಬರು ಮುಟ್ಟುವಂತಿಲ್ಲ. ಇದು ಸ್ಥಾವರದ ನಿಯಮ. ವೈರು ಸರಿ ಮಾಡಿದಳು, ನಿಜ. ಆದರೆ ರಟ್ಟು ಬಿಚ್ಚುವುದನ್ನು ಮರೆತು ಗೆಳತಿಯ ಮನೆಗೆಂದು ಚಡಚಣಕ್ಕೆ ಹೋಗಿಬಿಟ್ಟಳು! ಮೇಲಿನ ಟ್ಯಾಂಕು ಖಾಲಿ. ಯಜಮಾನರು ಫೋನು ಹಚ್ಚಿ ಬೇಡಿಕೊಂಡರು.

"ಏ ತಂಗಿ, ದಾರ ಅಷ್ಟ ಬಿಚ್ಚತೇನಿ."

"ಅಣ್ಣಾ, ಮುಟ್ಟಬ್ಯಾಡ. ಫೋನಿನಾಗ ಬಿಚ್ಚಾಕ ಬರಂಗಿಲ್ಲ. ನಾ ಸಂಜಿಗಿ ಬರ್ತೇನಿ."

ಮುದ್ದೇಬಿಹಾಳದ ಮಾರುಕಟ್ಟೆಯ ವರ್ತಕರೆಲ್ಲ ಹೆದರುವ ನಮ್ಮ ಯಜಮಾನರು ಹೆಗಲಿಗೆ ಟವೆಲ್ಲು ಹಾಕಿಕೊಂಡು ಪಕ್ಕದ ಮನೆಗೆ ಸ್ನಾನಕ್ಕೆ ಹೋದರು. ಸಂಜೆ ಬಂದವಳು ಮೊದಲು ರಟ್ಟು ನೋಡಿದಳು. ಯಾರೂ ಮುಟ್ಟಿಲ್ಲ ಎಂದು ತಿಳಿದಾಗ ಆಕೆಗೆ ಆದ ಆನಂದ ಏನು ಹೇಳಲಿ! ಅಣ್ಣನಿಗೆ ಚಹಾ ತಾನೇ ಮಾಡಿಕೊಟ್ಟಳು.

ಈ ಕಾನೂನಿಗೆ ಬಗ್ಗದವರು ಒಬ್ಬರೇ, ನಮ್ಮ ಅತ್ತೆ. ಅವರು ಜೀವಮಾನದಲ್ಲಿ ಇನ್ನೊಬ್ಬರ ಮಾತನ್ನು ಇದ್ದಂತೆ ಹೇಳಿದವರಲ್ಲ. ಅವರಿಗೆ ಹೇಳಬೇಕೆನಿಸಿದ್ದನ್ನು ಅವರು ಹೇಳುತ್ತಾರೆ, ಅಷ್ಟೆ.

"ಯವ್ವಾ, ಹಿತ್ತಲ ಬಾಗಿಲಾ ಹಾಕು. ತಿರುಗಿ ಹೇಳು."

"ನೀ ಮೊದಲ ಉಣ್ಣ ಬಾ."

"ತಪ್ಪು. ಹಿತ್ತಲ ಬಾಗಿಲಾ ಹಾಕತೇನಿ ಅನ್ನು."

"ರೊಟ್ಟಿ ಆರಾಕತ್ತಾವು. ನಾ ಏನ್ ಗಿಳಿ ಏನು, ನೀ ಅಂದದ್ದ ಅನ್ನಾಕ?"

ಒಂದು ಪದ ಹೆಚ್ಚುಕಡಿಮೆಯಾದರೆ ನಮ್ಮನ್ನು ಗೋಳು ಹೊಯ್ದುಕೊಳ್ಳುವ ನಾದಿನಿ, ತಾಯಿಯ ಮುಂದೆ ದಿನವೂ ಸೋತು ತಾನೇ ಹೋಗಿ ಬಾಗಿಲು ಹಾಕಿ ಬರುತ್ತಿದ್ದಳು.

ಇಷ್ಟು ಶಿಸ್ತಿನವಳು ಮೌಖಿಕದಲ್ಲಿ ಯಾಕೆ ನಪಾಸಾದಳು? ಒಂದು ಸಂಜೆ ಬದನೆಕಾಯಿ ಹೆಚ್ಚುತ್ತ ತಾನೇ ಬಾಯಿಬಿಟ್ಟಳು.

"ಒಂದ ಪ್ರಶ್ನಿ ಕೇಳಿದ್ರು ವೈನಿ. ನನಗ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಬೇಕಾಗಿತ್ತು."

"ಅನ್ನಲಿಲ್ಲೇನು?"

"ಇಲ್ರಿ. ಹೇಳಿದೆ. ಭಾಳ ಹೊತ್ತು ಹೇಳಿದೆ."

ಆ ಹಿರಿಯ ಅಧಿಕಾರಿಗಳು ಪೂರ್ತಿ ಕೇಳಿ, ಗೊತ್ತಿಲ್ಲದಾಗ ಗೊತ್ತಿಲ್ಲ ಎಂದು ಹೇಳಿ ರಿಯಾಕ್ಟರ್ ನಿಲ್ಲಿಸುವವರು ತಮಗೆ ಬೇಕು, ಊಹೆಯ ಮೇಲೆ ನಡೆಸುವವರಲ್ಲ ಎಂದರಂತೆ.

ಈಗ ನೀವೇ ಹೇಳಿ, ತಪ್ಪು ಆಕೆಯದೇ? ನಾನಂತೂ ನಮ್ಮ ನೆಲದ್ದು ಎನ್ನುತ್ತೇನೆ! ನಮ್ಮ ಕಡೆ ಯಾರಾದರೂ ಏನಾದರೂ ಕೇಳಿದರೆ ಗೊತ್ತಿಲ್ಲ ಎಂದು ಕಳಿಸುವುದೆಂದರೆ ಮನೆಗೆ ಬಂದವರಿಗೆ ನೀರು ಕೊಡದೆ ಕಳಿಸಿದ ಹಾಗೆ. ಹಿಂದೊಮ್ಮೆ ಲಾರಿಯವನೊಬ್ಬ ನಮ್ಮ ಮನೆಯ ಮುಂದೆ ನಿಲ್ಲಿಸಿ ಸಿಂದಗಿ ತಾಲೂಕಿನ ದೇವಣಗಾಂವಕ್ಕೆ ಹತ್ತಿರದ ದಾರಿ ಕೇಳಿದ. ನಮ್ಮ ಯಜಮಾನರು ಆ ಊರನ್ನು ಕಂಡವರೇ ಅಲ್ಲ. ಆದರೂ ಕಟ್ಟೆಯಿಂದ ಇಳಿದು, ಎಡಕ್ಕೆ ಬಲಕ್ಕೆ ಕೈ ಬೀಸಿ, ನಡುವೆ ಒಂದು ಬೇವಿನ ಮರವನ್ನೂ ಹುಟ್ಟಿಸಿ ದಾರಿ ಹೇಳಿದರು. ಸಂಜೆಗೆ ಅದೇ ಲಾರಿ ತಿರುಗಿ ಬಂತು. ಇವರು ಅಳುಕದೆ ಇನ್ನೊಂದು ದಾರಿ ಹೇಳಿದರು.

"ಮುಂಜಾನೆ ಹೇಳಿದ್ದು ಬ್ಯಾರೆ ಇತ್ತಲ್ರಿ?" ಎಂದ ಲಾರಿಯವನು.

"ಅದೂ ಹೋಗತೈತ್ರಿ. ಸುತ್ತ ಆಗತೈತಿ."

ಅವರನ್ನೇ ಯಾಕೆ ಅನ್ನಲಿ? ನಾನು ಇಲ್ಲಿಯ ಕಾಲೇಜಿನಲ್ಲಿ ಕನ್ನಡ ಕಲಿಸುವವಳು. ಉತ್ತರ ಗೊತ್ತಿಲ್ಲದ ಹುಡುಗರು ಪುಟ ತುಂಬ ಬರೆದದ್ದಕ್ಕೆ ಪಾಪ, ಕಷ್ಟಪಟ್ಟಿದ್ದಾರೆ ಎಂದು ನಾಲ್ಕು ಮಾರ್ಕ್ಸ್ ಕೊಟ್ಟೇ ಕೊಟ್ಟಿದ್ದೇನೆ. ಖಾಲಿ ಬಿಟ್ಟವನಿಗೆ ಎಂದಾದರೂ ಕೊಟ್ಟಿದ್ದೇನೆಯೇ? ಇಂಥ ಮನೆಯಿಂದ ಹೋದ ಹುಡುಗಿಗೆ ಆ ಒಂದು ಮಾತು ಬಾಯಿಗೆ ಹೇಗೆ ಬರಬೇಕು!

ಅಂದಿನಿಂದ ಮನೆಯಲ್ಲಿ ಗೊತ್ತಿಲ್ಲ ಅನ್ನುವ ಪಾಠ ಶುರುವಾಯಿತು. ಪರೀಕ್ಷಕರ ಜಾಗಕ್ಕೆ ಅತ್ತೆ ತಾವಾಗಿಯೇ ಕುರ್ಚಿ ಎಳೆದುಕೊಂಡು ಕುಳಿತರು.

"ಇಂಡಿ ಊರಾಗ ನಿಮ್ಮ ವೈನಿ ತವರಮನ್ಯಾಗ ಇವತ್ತ ಏನ್ ಪಲ್ಲೆ ಮಾಡ್ಯಾರ?"

ನಾದಿನಿ ತುಟಿ ಕಚ್ಚಿ ಕುಳಿತಳು. ಒಳಗಿನ ಮಾತು ತಡೆಯಲಾಗಲಿಲ್ಲ. "ಬದನಿಕಾಯಿ ಇರಬೇಕು."

"ನಪಾಸ," ಎಂದರು ಅತ್ತೆ.

ನಾನು ನಮ್ಮ ಅವ್ವನಿಗೆ ಫೋನು ಹಚ್ಚಿ ಕೇಳಿದೆ. ನೋಡಿದರೆ ಬದನೆಕಾಯಿಯೇ! ನಾದಿನಿ ಕುಣಿದಾಡಿದಳು. ಅತ್ತೆ ಮಾತ್ರ ಅಲುಗಾಡಲಿಲ್ಲ. "ಬದನಿಕಾಯಿ ಇದ್ರೂ ನಪಾಸ. ನೀ ಏನ್ ಅವರ ಗಡಗಿ ಹಣಿಕಿ ನೋಡಿಯೇನು?" ಎಂದರು. ದಿನವೂ ಇದೇ ಗದ್ದಲ. ನಕ್ಕು ನಕ್ಕು ನನ್ನ ಹೊಟ್ಟೆ ಹಿಡಿದುಕೊಳ್ಳುತ್ತಿತ್ತು. ಆದರೆ ನಾದಿನಿಯ ರಜೆ ಮುಗಿಯುತ್ತ ಬಂದಿತ್ತು, ಆಕೆಯ ಬಾಯಿಂದ ಆ ಮಾತು ಇನ್ನೂ ಹೊರಟಿರಲಿಲ್ಲ.

ಹೊರಟದ್ದು ಬಸವನ ಬಾಗೇವಾಡಿಯ ಬಸ್ ಸ್ಟ್ಯಾಂಡಿನಲ್ಲಿ. ನಾವಿಬ್ಬರೂ ನೆಂಟರ ಮನೆಯ ಸೀಮಂತಕ್ಕೆ ಹೋಗಿ ತಿರುಗಿ ಬರುವಾಗ, ತಲೆಗೆ ಪಟಕಾ ಸುತ್ತಿದ ಮುದುಕರೊಬ್ಬರು ಆಕೆಯ ಹತ್ತಿರ ಬಂದು ನಿಂತರು.

"ತಂಗಿ, ಇಂಡಿ ಬಸ್ಸು ಯಾವಾಗ ಬರತೈತಬೇ?"

ಆಕೆಯ ಕೈ ಅರ್ಧ ಮೇಲೆದ್ದಿತು, ಬಾಯಿ ತೆರೆಯಿತು, ಮುಚ್ಚಿತು. ಕುತ್ತಿಗೆಯ ನರ ಉಬ್ಬಿತು.

"ನನಗ... ಗೊತ್ತಿಲ್ರಿ, ಅಜ್ಜಾರ. ಕೇಳಿ ತಿಳಕೊಂಡು ಹೇಳ್ತೇನಿ."

"ಇಷ್ಟ ಗೊತ್ತಿಲ್ಲೇನು? ನೋಡಾಕ ಕಲತಾಕಿ ಕಾಣ್ತಿ" ಎಂದು ಮುದುಕರು ಮುಖ ತಿರುಗಿಸಿದರು. ಪಕ್ಕದಲ್ಲಿ ನಿಂತಿದ್ದವರೊಬ್ಬರು ಒಡನೆಯೇ "ಈಗ ಬರತೈತ್ರಿ" ಎಂದರು. ಅವರು ಆ ಬಸ್ಸಿಗೆ ಬಂದವರೂ ಅಲ್ಲ! ನಾದಿನಿ ವಿಚಾರಣೆಯ ಕಿಟಕಿಗೆ ಓಡಿಹೋಗಿ, ಹೊತ್ತು ಕೇಳಿಕೊಂಡು ಬಂದು ಮುದುಕರಿಗೆ ಹೇಳಿ, ಅವರಿಂದ ತಿರುಗಿಯೂ ಹೇಳಿಸಿದಳು. ಆಮೇಲೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. "ವೈನಿ, ಬೈಸಿಕೊಂಡ್ನಿ, ಆದ್ರ ಸಾಯಲಿಲ್ಲ ನೋಡ್ರಿ" ಎಂದಳು. ಮುದ್ದೇಬಿಹಾಳ ಬರುವ ತನಕ ಬಸ್ಸಿನಲ್ಲಿ ಒಬ್ಬಳೇ ನಗುತ್ತ ಕುಳಿತಿದ್ದಳು.

ರಜೆ ಮುಗಿಸಿ ಹೋದ ನಾದಿನಿ ಮೌಖಿಕದ ದಿನ ಬೆಳಿಗ್ಗೆ ಸ್ಥಾವರದ ಕಾಲೋನಿಯಿಂದ ಫೋನು ಹಚ್ಚಿದಳು. ನಾನು ಸ್ಪೀಕರ್ ಹಾಕಿ ಅತ್ತೆಯ ಮುಂದೆ ಹಿಡಿದೆ.

"ಯವ್ವಾ, ಎದಿ ಡವಡವ ಅನ್ನಾಕತ್ತೈತಿ."

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಈ ಸಲಾನೂ ಆಗಲಿಲ್ಲಂದ್ರ ಏನ್ ಮಾಡ್ತಿ?"

ಕೇಳುವ ಹೊತ್ತೇ ಇದು? ನಾನು ಕಣ್ಣು ಬಿಟ್ಟು ಸನ್ನೆ ಮಾಡಿದೆ. ಎಂದಿನಂತೆ ಆಕೆ ಹಾಗೆ ಮಾಡುತ್ತೇನೆ, ಹೀಗೆ ಮಾಡುತ್ತೇನೆ ಎಂದು ಶುರು ಮಾಡುತ್ತಾಳೆ ಎಂದುಕೊಂಡೆ.

"ಗೊತ್ತಿಲ್ಲ ಯವ್ವಾ."

ಅತ್ತೆಯ ಕೈ ನಿಂತಿತು. "ಪಾಸ," ಎಂದರು. "ಗೊತ್ತಿಲ್ಲಂದ್ರ ಮನಿಗೆ ಬಾ. ನಾ ಅದೇನಿ. ತಿರುಗಿ ಹೇಳು."

"ಗೊತ್ತಿಲ್ಲಂದ್ರ ಮನಿಗೆ ಬರ್ತೇನಿ. ನೀ ಅದಿ."

"ಬರೋಬ್ಬರಿ ಐತಿ. ಹೋಗ ಬಾ."

ಫೋನು ಇಟ್ಟ ಮೇಲೆ ಅತ್ತೆ ಹಿಟ್ಟಿನ ಕೈಯಲ್ಲೇ ಕುಳಿತುಬಿಟ್ಟರು. ಹಂಚಿನ ಮೇಲಿನ ರೊಟ್ಟಿ ಕರಿಯಾಯಿತು. ಯಾರೂ ಏನೂ ಹೇಳದಿದ್ದರೂ ನಾನೇ ಎಡಗಡೆಯ ಒಲೆಗೆ ಬೆರಳು ತೋರಿಸಿ, ಆಮೇಲೆ ಆರಿಸಿದೆ.

ಅಂದು ಯಜಮಾನರು ಅಂಗಡಿಗೆ ಹೋಗಲಿಲ್ಲ. ಕಾಲೇಜಿನಲ್ಲಿ ನಾನು ಏನು ಪಾಠ ಮಾಡಿದೆನೋ ನನಗೇ ತಿಳಿಯದು. ಸಂಜೆ ಫೋನು ಬಂತು.

"ವೈನಿ, ಒಂದ ಪ್ರಶ್ನಿಗೆ ಗೊತ್ತಿಲ್ರಿ ಅಂದೆ. ರಿಯಾಕ್ಟರ್ ನಿಲ್ಲಸ್ತೇನಿ, ಆಮ್ಯಾಲ ಕೇಳಿ ತಿಳಕೋತೇನಿ ಅಂದೆ. ಅವರು ನಕ್ಕು ಮುಂದಿನ ಪ್ರಶ್ನಿಗೆ ಹೋದ್ರು. ಯವ್ವಗ ಕೊಡ್ರಿ ಫೋನು."

ಅತ್ತೆ ಎರಡೂ ಕೈಯಲ್ಲಿ ಫೋನು ಹಿಡಿದುಕೊಂಡರು.

"ಯವ್ವಾ, ನನಗ ಲೈಸೆನ್ಸ್ ಬಂತು. ತಿರುಗಿ ಹೇಳು."

ಅತ್ತೆಯ ಸೆರಗು ಕಣ್ಣಿಗೆ ಹೋಯಿತು. ಯಜಮಾನರು ಪಕ್ಕದಿಂದ "ಲೈಸೆನ್ಸ್ ಬಂತು ಅನ್ನಬೇ, ಲೈಸೆನ್ಸ್ ಬಂತು" ಎಂದು ಪಿಸುಗುಟ್ಟಿದರು.

"ಮನಿಗೆ ಬಾ," ಎಂದರು ಅತ್ತೆ.

ನಾನು "ತಪ್ಪು" ಎಂಬ ಮಾತಿಗೆ ಕಾದು ನಿಂತೆ. ಒಂದು ಪದ ಬಿಟ್ಟದ್ದಕ್ಕೆ ನನ್ನ ಮನೆಯ ಹಾಲೆಲ್ಲ ನೆಲಕ್ಕೆ ಹರಿಸಿದವಳು ಆಕೆ. ಆ ಕಡೆಯಿಂದ ಮೂಗು ಏರಿಸುವ ಸದ್ದು ಕೇಳಿಸಿತು.

"ಬರೋಬ್ಬರಿ ಐತಿ, ಯವ್ವಾ."