ಸೊಸೆ ಟೈಪ್ ಮಾಡಿದ ಅವ್ವನ ಮುಖ

ಸಂಶಯ ಪಡುವುದರಲ್ಲಿ ನನಗೆ ಮೊದಲಿನಿಂದಲೂ ಒಳ್ಳೆಯ ಹೆಸರಿದೆ. ತಿ. ನರಸೀಪುರದಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವನು ನಾನು. ಮಕ್ಕಳು ಚಿತ್ರ ಚೆನ್ನಾಗಿ ಬರೆದುಕೊಂಡು ಬಂದರೆ ಹಾಳೆಯನ್ನು ಬೆಳಕಿಗೆ ಹಿಡಿದು, ಟ್ರೇಸ್ ಮಾಡಿದ ಗುರುತು ಹುಡುಕಿದ ಮೇಲೆಯೇ ಶಹಬ್ಬಾಸ್ ಎನ್ನುತ್ತಿದ್ದೆ. ಹಾಗಿರುವಾಗ ನಂಜನಗೂಡಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವ ಸೊಸೆ ಸುಮಾ, ಪೆನ್ಸಿಲ್ ಮುಟ್ಟದೆ ಬರೀ ಕೋಡ್ ಟೈಪ್ ಮಾಡಿ ಪರದೆಯ ಮೇಲೆ ರಸಬಾಳೆಯ ಗೊನೆ ಬರೆದೆ ಎಂದರೆ ನಂಬುವುದು ಹೇಗೆ? ಅವಳು ಒತ್ತುತ್ತಿದ್ದುದು ಬರೀ ಅಂಕಿ, ಕಂಸ, ಅಲ್ಪವಿರಾಮ. ಎಲ್ಲೋ ಫೋಟೋ ಬಚ್ಚಿಟ್ಟಿದ್ದಾಳೆ ಎಂದು ನನಗೆ ಖಾತ್ರಿಯಾಯಿತು. ಕಾಫಿ ಲೋಟ ಹಿಡಿದು ಅವಳ ಬೆನ್ನ ಹಿಂದೆ ಸುಳಿದಾಡಿದೆ. ಫೋಟೋ ಸಿಗಲಿಲ್ಲ, ಕಾಫಿ ಆರಿಹೋಯಿತು.

ಕೊನೆಗೆ ಒಂದು ಪರೀಕ್ಷೆ ಒಡ್ಡಿದೆ. ನಮ್ಮ ಅವ್ವ ಬದುಕಿದ್ದಾಗ ಒಂದೂ ಫೋಟೋ ತೆಗೆಸಿಕೊಂಡವಳಲ್ಲ. ಮಹಾಲಯ ಅಮಾವಾಸ್ಯೆಗೆ ಊರವರೆಲ್ಲ ಹಿರಿಯರ ಫೋಟೋದ ಮುಂದೆ ಎಡೆ ಇಟ್ಟರೆ ನಾವು ಅವಳ ಸೀರೆಯ ಮುಂದೆ ಇಡುತ್ತೇವೆ. ಆ ಮುಖವನ್ನು ಇನ್ನೊಮ್ಮೆ ನೋಡಬೇಕೆಂಬ ಆಸೆಯೂ ನನಗಿತ್ತು. "ಅವ್ವನ್ನ ಬರಿ ನೋಡಣ," ಎಂದೆ. ನಕಲು ಹೊಡೆಯಲು ಏನೂ ಇಲ್ಲವಲ್ಲ, ಸಿಕ್ಕಿಬೀಳುತ್ತಾಳೆ ಎಂದುಕೊಂಡೆ.

"ಬರೀತೀನಿ ಮಾವ. ಹೆಂಗಿದ್ರು ಅಂತ ನೀವ್ ಹೇಳ್ತಾ ಹೋಗಿ, ನಾನ್ ಅಳತೆ ಹಾಕ್ತೀನಿ," ಎಂದಳು.

ನಾನು ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. ಕಣ್ಣು ತಲೆಯ ನಟ್ಟನಡುವೆ, ಎರಡು ಕಣ್ಣಿನ ಮಧ್ಯೆ ಇನ್ನೊಂದು ಕಣ್ಣಿನಷ್ಟು ಜಾಗ, ಮೂಗಿನುದ್ದವೂ ಕಿವಿಯುದ್ದವೂ ಒಂದೇ. ಅವಳು ಟೈಪ್ ಮಾಡಿದಳು, ಮುಖ ಮೂಡಿತು. ಬನ್ನೂರಿನಿಂದ ಬಂದಿದ್ದ ನಮ್ಮ ಅಕ್ಕ ಇಣುಕಿ ನೋಡಿ, "ಇದ್ಯಾರ್ಲಾ ಈಯಮ್ಮ?" ಎಂದಳು.

ನಾನು ಹೇಳಿದ್ದು ಅವ್ವನನ್ನಲ್ಲ, ಮೂವತ್ತು ವರ್ಷ ಬೋರ್ಡಿನ ಮೇಲೆ ಹೇಳಿಕೊಟ್ಟ ಪಾಠವನ್ನು.

ಅಕ್ಕ ಕುರ್ಚಿ ಎಳೆದುಕೊಂಡಳು. "ಎಡಗಣ್ಣಿನ್ ರೆಪ್ಪೆ ವಸಿ ಇಳಿಬಿದ್ದಿತ್ತು ಕಣವ್ವ. ಓಲೆ ಭಾರಕ್ಕೆ ಕಿವಿ ಜೋತಿತ್ತು. ನಗ್ತಾ ಇದ್ರೆ ತುಟಿ ಒಂದ್ ಕಡೀಕೇ ಓಗೋದು." ಸುಮಾ ಒಂದೊಂದೇ ಅಂಕಿ ತಿದ್ದಿದಳು. ಆರನೆಯದೋ ಏಳನೆಯದೋ ತಿದ್ದುಪಡಿಗೆ ಅವ್ವ ನನ್ನನ್ನೇ ನೋಡುತ್ತಿದ್ದಳು. ನನಗೆ ಅಳು ಬಂತು, ಜೊತೆಗೆ ನಾಚಿಕೆಯೂ ಆಯಿತು. ಊರ ಮಕ್ಕಳಿಗೆಲ್ಲ ಮುಖ ಬರೆಯುವುದನ್ನು ಕಲಿಸಿದವನು ಹೆತ್ತವಳ ಮುಖವನ್ನು ಸರಿಯಾಗಿ ನೋಡಿಯೇ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಹೆಂಡತಿಯ ಎದುರು ಕುಳಿತು ಅವಳ ಮುಖವನ್ನೇ ಗಮನವಿಟ್ಟು ನೋಡತೊಡಗಿದೆ. ಗಲ್ಲದ ಮೇಲೊಂದು ಮಚ್ಚೆ! ಮದುವೆಯಾದಾಗಿನಿಂದ ಅಲ್ಲೇ ಇತ್ತಂತೆ. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ, ಕಣ್ಣು ಕಿರಿದು ಮಾಡಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಏನ್ ತಪ್ ಮಾಡ್ಕೊಂಡ್ ಬಂದಿದೀರಿ? ಹೇಳ್ಬುಡಿ."