ಬತ್ತಾಸಿಗೆ ಬಣ್ಣ ಹತ್ತಿದ್ದು

ಬತ್ತಾಸಿ ಸಿಕ್ಕಾಳ! ಮೊದಲ ಇಷ್ಟು ಹೇಳಿಬಿಡತೇನಿ, ಇಲ್ಲಾಂದ್ರ ನನ್ನ ಎದಿ ಒಡದೀತು. ರಬಕವಿ ಪ್ಯಾಟ್ಯಾಗ, ಮೈಗೆ ಒಂದು ಗೀರೂ ಬೀಳಲಾರದ ಸಿಕ್ಕಾಳ. ಸಿಗಾಕ ಕಾರಣ ನಾನು. ಕಳಿಯಾಕೂ ನಾನ ಕಾರಣ ಅಂತ ಮನ್ಯಾಗ ಅಂತಾರ. ಅದನ್ನ ಆಮ್ಯಾಲ ನೋಡೂಣು.

ಬತ್ತಾಸಿ ಅಂದ್ರ ನನ್ನ ಮೊಮ್ಮಗಳು ಅಕ್ಷತಾನ ನಾಯಿ. ಹಿಡಿಯಷ್ಟು ಮೈ, ಗೇಣುದ್ದ ಕೂದಲ, ಸಕ್ಕರಿ ಬತ್ತಾಸದಂಗ ಬೆಳ್ಳಗ. ಇದಕ್ಕ ಜಳಕಾ ಮಾಡಸಾಕ ಸೊಸಿ ಸುಜಾತಾ ಜಮಖಂಡಿಗೆ ಹೋಗಿ ನಾಯಿ ಶಾಂಪೂ ತಂದ್ಲು. ಆ ಒಂದು ಬಾಟಲಿ ರೊಕ್ಕದಾಗ ಮನಿಮಂದಿಯೆಲ್ಲಾ ಒಂದು ವರ್ಷ ಜಳಕಾ ಮಾಡಬಹುದು. ಮ್ಯಾಲ ಕೊರಳಿಗೆ ಪಟ್ಟಾ, ಕಟ್ಟಾಕ ಹಗ್ಗ ಬ್ಯಾರೆ ತರಬೇಕಂತ! ಬನಹಟ್ಟಿ ನೇಕಾರರ ಮನ್ಯಾಗ ಹಗ್ಗ ಕೊಂಡು ತಂದ್ರ ಮಂದಿ ನಗತಾರ ಅಂತ ಹೇಳಿ, ಮಗ್ಗದಾಗ ಉಳದ ನೂಲು ಜಡಿಯಂಗ ಹೆಣದು ಎರಡೂ ನಾನ ಮಾಡಿದೆ. ಸದರಿ ನಾಯಿಯ ಜಳಕದ ಕಾರುಬಾರನ್ನೂ ಅಂದಿನಿಂದ ನಾನ ವಹಿಸಿಕೊಂಡೆ. ಸಾಲಿ ಕಲಿತದ್ದು ಎರಡನೇ ಇಯತ್ತೆ ಆದ್ರೇನು, ಉಳಿಸೂ ವಿದ್ಯಾದಾಗ ನಾ ಯಾರಿಗೂ ಕಡಿಮಿ ಇಲ್ಲ.

ಹಿತ್ತಲದಾಗ ನಮ್ಮ ಮೈದುನ ನೀಲಪ್ಪ ನೂಲಿಗೆ ಬಣ್ಣ ಹಾಕತಾನ. ಕೆಲಸ ಮುಗದ ಮ್ಯಾಲ ಹಂಡ್ಯಾಗ ಉಗುರು ಬೆಚ್ಚಗಿನ ನೀರು ಉಳಿತೈತಿ. ಸುಮ್ನ ಚೆಲ್ಲತಾನ. ಪುಕಟ ಬಿಸಿನೀರು! ಮನ್ಯಾಗ ಶೀಗಿಕಾಯಿ ಇತ್ತು. ಹಂಡೆ ಒಳಗ ಕರ್ರಗ ಇದ್ದದ್ದಕ್ಕ ನೀರಿನ ಬಣ್ಣ ಕಾಣಲಿಲ್ಲ. ನಾ ಬಗ್ಗಿ ನೋಡಲೂ ಇಲ್ಲ. ನಮ್ಮ ಮನಿ ಬಣ್ಣ ನೀರಿಗೆ ಬಿಡೂದಿಲ್ಲ ಅಂತ ನಲವತ್ತು ವರ್ಷದಿಂದ ಗಿರಾಕಿಗೆ ಹೇಳಿಕೋತ ಬಂದಾಕಿ ನಾನು. ಹೇಳಿ ಹೇಳಿ ನಾನೂ ನಂಬಿಬಿಟ್ಟಿದ್ದೆ.

ಮೂರು ತಂಬಗಿ ಹೊಯ್ಯೂದ್ರಾಗ ಬತ್ತಾಸ ಹೋಗಿ ಬೊಂಬಾಯಿ ಮಿಠಾಯಿ ಆಗಿತ್ತು. ತಿಳಿ ಗುಲಾಬಿ ಅಲ್ಲ, ಮದವಿ ಸೀರಿ ಗುಲಾಬಿ.

ಬಣ್ಣ ತಗ್ಯಾಕ ಮೊಸರು ಹಚ್ಚಿದೆ. ನೆಕ್ಕಿಬಿಟ್ಲು. ಕಡ್ಲಿಹಿಟ್ಟು ಹಚ್ಚಿದೆ. ಎಣ್ಣ್ಯಾಗ ಬಿಡೂದೊಂದ ಬಾಕಿ ಅನ್ನೂವಂಗ ಕಂಡ್ಲು. ನಮ್ಮ ಯಜಮಾನ್ರು ಮಗ್ಗದ ಕುಣಿಯಿಂದ ತಲಿ ಎತ್ತಿ ನೋಡಿ, ನೆರಳಾಗ ಒಣಗಿಸು, ಬಿಸಲಾಗ ಇಟ್ರ ಬಣ್ಣ ಹೆಚ್ಚುಕಡಿಮಿ ಆಗತೈತಿ ಅಂದ್ರು. ಹೆಂಡತಿಗೆ ಕೈ ಜೋಡಸೂ ರೀತಿ ಇದು.

ಮತ್ತ ತೊಳದು ನೆರಳಾಗ ಕಟ್ಟಿದೆ. ನನ್ನ ಹಗ್ಗಕ್ಕ ಮೊಸರಿನ ರುಚಿ ಹತ್ತಿತ್ತು. ಬತ್ತಾಸಿ ಅದನ್ನ ಅಗದು ತಿಂದು, ನಡದು ಹೋಗಿದ್ಲು.

ಸಾಲಿಯಿಂದ ಬಂದ ಅಕ್ಷತಾ ಅಳಲಿಲ್ಲ. ಅತ್ತಿದ್ರ ಸಮಾಧಾನ ಮಾಡತಿದ್ದೆ. ತುಂಡ ಹಗ್ಗ ತೊಡಿ ಮ್ಯಾಲ ಇಟಗೊಂಡು ಹೊಸ್ತಿಲದಾಗ ಕುಂತ್ಲು.

"ಆಯಿ, ಬತ್ತಾಸಿ ಬರೂತನಾ ನಾ ಉಣ್ಣಂಗಿಲ್ಲ."

ಹಟದಾಗ ಆಕಿ ನನ್ನಂಗ. ನೀರೂ ಕುಡಿಲಿಲ್ಲ.

ಮಗ ಈರಣ್ಣ ಮೊಬೈಲಿನಾಗ ಊರಿಗೆಲ್ಲಾ ಸುದ್ದಿ ಕಳಸಾಕ ಕುಂತ. ಬಿಳಿ ನಾಯಿ ಕಳೆದಿದೆ ಅಂತ ಶುರು ಮಾಡಿದ.

"ಬಿಳಿ ಅಂತ ಬರೀಬ್ಯಾಡ," ಅಂದೆ.

"ಮತ್ತೇನು ಬರೀಲಿ ಬೇ ಅವ್ವಾ?"

"ಗುಲಾಬಿ ಅಂತ ಬರಿ."

ಸೊಸಿ ನನ್ನ ಕೈ ನೋಡಿದ್ಲು. ಮೊಣಕೈತನಾ ಗುಲಾಬಿ. "ಅತ್ತೀ, ಶಾಂಪೂ ಬಾಟಲಿ ಮುಚ್ಚಳಾ ಇನ್ನೂ ತಗದಿಲ್ರಿ," ಅಂದ್ಲು. ಅಷ್ಟ.

ಅನ್ನಲಿ. ಬಿಳಿ ನಾಯಿ ಓಣಿಗೆ ಹತ್ತು ಅದಾವು. ಗುಲಾಬಿ ನಾಯಿ ಇಡೀ ತಾಲೂಕಿಗೆ ಒಂದ! ಫೋನಿನ ಮ್ಯಾಲ ಫೋನು ಬಂದುವು. ಬಸ್‌ಸ್ಟ್ಯಾಂಡಿನಾಗ ಕಂಡಿತ್ತು ಅಂದ ಒಬ್ಬಾಂವ. ತೇರದಾಳ ಬಸ್ ಹತ್ತಿತ್ತು, ಕಂಡಕ್ಟರ್ ಇಳಿಸಿದ ಅಂದ ಇನ್ನೊಬ್ಬಾಂವ. ಕಡೀಕ ರಬಕವಿ ಸೀರಿ ವ್ಯಾಪಾರಿ ಒಬ್ರು, ನಮ್ಮ ಅಂಗಡಿ ಗಾದಿ ಮ್ಯಾಲ ಮಲಗೈತಿ, ಬರ್ರಿ ಅಂದ್ರು.

ಈರಣ್ಣನ ಮೋಟರ್ ಸೈಕಲ್ ಮ್ಯಾಲ ಆಂವ, ಅಕ್ಷತಾ, ನಾನು ಮೂರೂ ಮಂದಿ ಹೋದ್ವಿ. ಸೀರಿ ಗಂಟಿನ ನಡುವ ಬತ್ತಾಸಿ ಗೊರಕಿ ಹೊಡ್ಯಾಕತ್ತಿದ್ಲು. ಅಕ್ಷತಾ ಹೆಸರ ಹಿಡದು ಕರದದ್ದ ತಡ, ಹಾರಿ ಬಂದು ಮೈಮ್ಯಾಲ ಬಿದ್ಲು. ಬಣ್ಣ ಬ್ಯಾರೆ ಆದ್ರೂ ಬಾಲ ಅಲ್ಲಾಡಸೂದು ಅದ. ಹುಡುಗಿ ಆ ಕೂದಲದಾಗ ಮಾರಿ ಮುಚ್ಚಿ ಆಗ ಅತ್ಲು. ನಾನೂ ಅತ್ತೆ. ಬಿಡ್ರಿ.

ವ್ಯಾಪಾರಿ ಕೇಳಿದ್ರು, "ಅವ್ವಾರ, ಈ ಬಣ್ಣ ಯಾರು ಹಾಕಿದ್ದರೀ? ಭಾಳ ಛಲೋ ಬಂದೈತಿ."

ನನ್ನ ಎದಿ ಉಬ್ಬಿತು. "ನಮ್ಮ ಮನೀದರೀ. ಬಿಡೂದಿಲ್ಲ, ಗ್ಯಾರಂಟಿ."

ಅವರು ಸುಮ್ನ ಗಾದಿ ಕಡೆ ಕೈ ಮಾಡಿದ್ರು. ಬೆಳ್ಳನ ಗಾದಿ ಮ್ಯಾಲ ತಲಿ, ಹೊಟ್ಟಿ, ನಾಕು ಕಾಲು, ಬಾಲ, ಪೂರಾ ನಾಯಿ ಅಚ್ಚಾಗಿತ್ತು. ಆ ಗಾದಿ ಹೊದಿಕಿ ಈಗ ನಮ್ಮ ಮನ್ಯಾಗ ನೆನಿಯಾಕತ್ತೈತಿ. ಬರೂಮುಂದ ದನದ ಡಾಕ್ಟರಿಗೂ ತೋರಿಸಿದ್ವಿ. ಚರ್ಮಕ್ಕ ಏನೂ ಆಗಿಲ್ಲ, ಬಣ್ಣ ಹೋಗೂತನಾ ಶಾಂಪೂ ಹಚ್ಚಿ ತೊಳೀರಿ ಅಂದ್ರು. ಸೊಸಿ ಇನ್ನೂ ಎರಡು ಬಾಟಲಿ ತರಿಸಾಕತ್ತಾಳ.

ಸಂಜಿಗೆ ಎಲ್ಲಾರೂ ಕೂಡಿ ಉಣ್ಣಾಕ ಕುಂತ್ವಿ. ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ಅಕ್ಷತಾ ಎರಡು ರೊಟ್ಟಿ ಉಂಡ್ಲು, ಬತ್ತಾಸಿ ಆಕಿ ಮಗ್ಗಲದಾಗ ಅರ್ಧ ತಿಂದ್ಲು. ಅದನ್ನ ನೋಡಿ ನನಗ ಧೈರ್ಯ ಬಂತು. "ಗುಲಾಬಿ ಇದ್ಲಂತ ಸಿಕ್ಲು. ಶಾಂಪೂ ಹಚ್ಚಿದ್ರ ಸಿಗತಿದ್ಲೇನು?" ಅಂದೆ.

"ಶಾಂಪೂ ಹಚ್ಚಿದ್ರ ಹೋಗತಿದ್ದಿಲ್ಲ," ಅಂದ್ರು ಯಜಮಾನ್ರು.

ನಾ ಸೋಲಲಿಲ್ಲ. "ಏನ ಅನ್ರಿ, ನಮ್ಮ ಬಣ್ಣ ಬಿಡೂದಿಲ್ಲ," ಅಂತ ಹೇಳಿ ಅಕ್ಷತಾಗ ಇನ್ನೊಂದು ರೊಟ್ಟಿ ನೀಡಿದೆ.

ಬಿಳಿಜ್ವಾಳದ ರೊಟ್ಟಿ ಮ್ಯಾಲ ನನ್ನ ಐದು ಬಟ್ಟು ಗುಲಾಬಿಯಾಗಿ ಮೂಡಿದ್ವು.

ಸೊಸಿ ರೊಟ್ಟಿ ಬುಟ್ಟಿ ಮೆಲ್ಲಕ ತನ್ನ ಕಡೆ ಎಳಕೊಂಡ್ಲು.